ತದಡಿ ದೋಣಿಯ 40 ಎಚ್‌ಪಿ ಎಂಜಿನ್: ಸೆಲ್ಫ್ ಮೋಟಾರು ಬಿಚ್ಚಿ ಮತ್ತೆ ಕಟ್ಟಿದ್ದು

ಕೀ ತಿರುಗಿಸಿದರೆ ರಿಲೇ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬಿಡುವ ಸ್ವಿಚ್) ಟಕ್ ಅನ್ನುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು ನರಳುತ್ತಾ ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಭಾರದ ಚಕ್ರವನ್ನು, ಅರ್ಧ ಸುತ್ತು ಎಳೆದು ನಿಂತುಬಿಡುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಜುಂಯ್ ಅಂತ ಮೋಟಾರು ತಾನೊಂದೇ ತಿರುಗುತ್ತದೆ, ಫ್ಲೈವೀಲಿಗೆ ಸಿಕ್ಕಬೇಕಾದ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಮೇಲೆ ಏರುವುದೇ ಇಲ್ಲ. ತದಡಿ ಧಕ್ಕೆಯಲ್ಲಿ ಕಟ್ಟಿದ್ದ ಒಂದು ದೋಣಿಯ 40 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ) ಎಂಜಿನ್ನಿನ ಕಂಪ್ಲೇಂಟ್ ಇದು. ದೋಣಿಯ ಅಣ್ಣ ಮೀನಿಗೂ ಹೋಗುತ್ತಾರೆ, ಸೀಸನ್ನಿನಲ್ಲಿ ಗೋಕರ್ಣಕ್ಕೆ ಬಂದವರನ್ನು ಅಘನಾಶಿನಿ ಹೊಳೆಯಲ್ಲಿ ತಿರುಗಿಸಿಯೂ ತರುತ್ತಾರೆ. ಸೆಲ್ಫ್ ಕೈಕೊಟ್ಟ ಮೇಲೆ ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆಯುತ್ತಿದ್ದರು. ಧಕ್ಕೆಯಲ್ಲಿ ಅದು ನಡೆಯುತ್ತದೆ. ಅಳಿವೆಯ ಬಾಯಲ್ಲಿ ಅಲೆ ಒಡೆಯುವಾಗ ಎಂಜಿನ್ ಬಂದ್ ಬಿದ್ದರೆ, ಹಗ್ಗ ಸುತ್ತುತ್ತಾ ನಿಲ್ಲುವಷ್ಟು ಹೊತ್ತು ಯಾರಿಗಿರುತ್ತದೆ?

"ಹೊಸ ಮೋಟಾರೇ ಹಾಕ್ಬೇಕು ಅಂದ್ರು ತಮ್ಮಾ. ಅದಕ್ಕೂ ಮುಂಚೆ ನೀ ಒಂದ್ಸಲ ನೋಡು" ಅಂದರು ಅಣ್ಣ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೂ, 10 ಎಚ್‌ಪಿಗಿಂತ ದೊಡ್ಡ ಎಂಜಿನ್ ಇರುವ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಆ 61 ದಿನ ಎಂಜಿನ್ ಸುಮ್ನೆ ನಿಂತಿರುತ್ತದೆ. ಸೆಲ್ಫ್ ಮೋಟಾರು ಹಾಳಾಗುವುದು ಓಡುವಾಗಲ್ಲ, ಹೀಗೆ ನಿಂತಾಗಲೇ ಅನ್ನುವುದು ನನ್ನ ನಂಬಿಕೆ. ಉಪ್ಪು ಒಳಗೆ ಕೂತಿರುತ್ತದೆ, ಮಳೆಗಾಲದ ಥಂಡಿ ಅದಕ್ಕೆ ಜೀವ ಕೊಡುತ್ತದೆ. ಅದರಲ್ಲೂ ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿ, ಉಬ್ಬರಕ್ಕೆ ಸಮುದ್ರದ ನೀರು ಒಳಗಿನವರೆಗೂ ಬರುತ್ತದೆ. ಇದೇ ನೀರು ಕಟ್ಟಿ ಒಣಗಿಸಿ ಸಾಣಿಕಟ್ಟಾದಲ್ಲಿ ಉಪ್ಪು ಮಾಡುತ್ತಾರೆ ಅಂದಮೇಲೆ, ಅದರಲ್ಲೇ ಓಡುವ ಎಂಜಿನ್ನಿನ ಗತಿ ಬೇರೆ ಹೇಳಬೇಕಾ?

ಬಿಚ್ಚುವ ಮೊದಲು ಅಳೆದೆ. ಈ ಕೆಲಸಕ್ಕೆ ಮಲ್ಟಿಮೀಟರ್ ಒಂದಿದ್ದರೆ ಸಾಕು. ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ಕ್ಲಿಪ್ ಎಳೆದಿಟ್ಟರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಬರೀ ತಿರುಗುತ್ತದೆ. ಅಣ್ಣ ಕೀ ಹಿಡಿದರು, ನಾನು ಮೀಟರ್ ಹಿಡಿದೆ. ಬ್ಯಾಟರಿ ಸುಮ್ನಿದ್ದಾಗ 12.6 ವೋಲ್ಟ್, ಅಂದರೆ ಚಾರ್ಜ್ ಭರ್ತಿ ಇದೆ. ಕೀ ತಿರುಗಿಸಿದಾಗ ಬ್ಯಾಟರಿಯ ಎರಡು ಪೋಸ್ಟ್ ನಡುವೆ 10.4. ಬ್ಯಾಟರಿಯ ತಪ್ಪಿಲ್ಲ. ಆದರೆ ಅದೇ ಹೊತ್ತಿಗೆ ಮೋಟಾರಿನ ಟರ್ಮಿನಲ್‌ನಿಂದ ಅದರ ಬಾಡಿಯವರೆಗೆ ಅಳೆದರೆ ಬರೀ 7.8. ನಡುವೆ 2.6 ವೋಲ್ಟ್ ಎಲ್ಲಿ ಹೋಯಿತು?

ಹುಡುಕುವುದು ಸುಲಭ. ಬ್ಯಾಟರಿಯ ಪ್ಲಸ್ ಪೋಸ್ಟಿಗೆ ಒಂದು ಕಡ್ಡಿ, ಮೋಟಾರಿನ ಟರ್ಮಿನಲ್‌ಗೆ ಇನ್ನೊಂದು. ಕೀ ತಿರುಗಿಸಿದಾಗ ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.9 ಇತ್ತು. ಆಮೇಲೆ ಮೈನಸ್ ಪೋಸ್ಟಿನಿಂದ ಮೋಟಾರಿನ ಬಾಡಿಯವರೆಗೆ. 1.7! ಒಂದೊಂದು ಕಡೆ ಅರ್ಧ ವೋಲ್ಟಿಗಿಂತ ಜಾಸ್ತಿ ಇರಬಾರದು. ಮೈನಸ್ ಪೋಸ್ಟಿನಿಂದ ಎಂಜಿನ್ನಿಗೆ ಬರುವ ಅರ್ಥ್ ವೈರಿನ ಥಿಂಬಲ್ (ತುದಿಯ ಲೋಹದ ಕಿವಿ) ಮುಟ್ಟಿದರೆ ಬೆಚ್ಚಗಿತ್ತು.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಸೆಲ್ಫ್ ಎಳೆಯುವ ಕರೆಂಟ್ ಸಣ್ಣದಲ್ಲ. 100 ಆಂಪಿಯರ್ ಅಂತ ಇಟ್ಟುಕೊಳ್ಳಿ. ಜಾಯಿಂಟಿನಲ್ಲಿ 0.02 ಓಮ್ ಅಡ್ಡಿ ಬಂದರೂ 2 ವೋಲ್ಟ್ ಅಲ್ಲೇ ಮುಗಿಯಿತು, 200 ವ್ಯಾಟ್ ಬಿಸಿಯಾಗಿ ಹೋಯಿತು. 0.02 ಓಮನ್ನು ಸಾಮಾನ್ಯ ಮೀಟರಿನ ಓಮ್ಸ್ ರೇಂಜ್ ತೋರಿಸುವುದೇ ಇಲ್ಲ. ಬೀಪ್ ಅನ್ನುತ್ತದೆ, ನಾವು ವೈರ್ ಸರಿ ಇದೆ ಅಂದುಕೊಳ್ಳುತ್ತೇವೆ. ಅದಕ್ಕೇ ಲೋಡ್ ಇರುವಾಗಲೇ ವೋಲ್ಟೇಜ್ ಅಳೆಯಬೇಕು. ಈ ಒಂದು ಪರೀಕ್ಷೆ ಮಾಡದೆ ಯಾರೂ ಹೊಸ ಮೋಟಾರಿಗೆ ದುಡ್ಡು ಕೊಡಬೇಡಿ.

ಅರ್ಥ್ ವೈರಿನ ತುದಿ ಕತ್ತರಿಸಿ ನೋಡಿದರೆ ತಾಮ್ರ ಕಪ್ಪಾಗಿತ್ತು, ಎಳೆಗಳ ನಡುವೆ ಹಸಿರು ಪುಡಿ. ಒಂದು ಗೇಣು ಹಿಂದಕ್ಕೆ ಸುಲಿದರೂ ಅದೇ ಬಣ್ಣ. ಉಪ್ಪುನೀರು ಎಳೆಗಳ ಸಂದಿನಲ್ಲಿ ರಬ್ಬರಿನ ಒಳಗೇ ಮೇಲೆ ಹತ್ತಿಹೋಗಿದೆ. ಇಂಥ ವೈರಿಗೆ ಹೊಸ ಥಿಂಬಲ್ ಹಾಕಿ ಪ್ರಯೋಜನವಿಲ್ಲ. ಟಿನ್ ಲೇಪದ ತಾಮ್ರದ ಕೇಬಲ್ ತಂದು ಪ್ಲಸ್, ಅರ್ಥ್ ಎರಡೂ ಬದಲಿಸಿದೆ. ಥಿಂಬಲ್ಲುಗಳನ್ನು ಒತ್ತಿ ಕೂರಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವಲ್ಲಿ ಎಳೆಗಳು ಗಡುಸಾಗಿ, ಎಂಜಿನ್ ನಡುಕಕ್ಕೆ ತುಂಡಾಗುತ್ತವೆ. ಬ್ಲಾಕಿನಲ್ಲಿ ಅರ್ಥ್ ಬೋಲ್ಟ್ ಕೂರುವ ಜಾಗದ ಪೇಂಟು, ಬಿಳಿ ಪುಡಿ ಎಲ್ಲ ಹೊಳೆಯುವವರೆಗೆ ಉಜ್ಜಿದೆ.

ಮತ್ತೆ ಅಳೆದಾಗ ಬ್ಯಾಟರಿಯಲ್ಲಿ 10.1, ಮೋಟಾರಿನಲ್ಲಿ 9.5. ಬ್ಯಾಟರಿ ಮೊದಲಿಗಿಂತ ಕೆಳಗಿಳಿದದ್ದು ನೋಡಿ ಅಣ್ಣನಿಗೆ ಗಾಬರಿ. ದಾರಿ ಸರಿಯಾಗಿದ್ದಕ್ಕೆ ಮೋಟಾರು ಈಗ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಅಷ್ಟೇ. ಆದರೆ 9.5 ಸಿಕ್ಕಿದರೂ ಎಂಜಿನ್ ನಿಧಾನವಾಗಿಯೇ ತಿರುಗುತ್ತಿತ್ತು. ಹಾಗಾದರೆ ಮೋಟಾರಿನ ಒಳಗೂ ಏನೋ ಇದೆ.

ಎಂಜಿನ್ನನ್ನು ದೋಣಿಯಿಂದ ಇಳಿಸಿ ಕುಮಟಾಕ್ಕೆ ತಂದೆವು. ಪೆಟ್ರೋಲ್ ಟ್ಯಾಂಕ್, ಪೈಪು ಧಕ್ಕೆಯ ಹತ್ತಿರವೇ ಬಿಟ್ಟು, ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನೂ ಬಸಿದೆ. ಪೆಟ್ರೋಲ್ ವಾಸನೆ ಇರುವಲ್ಲಿ ಬ್ಯಾಟರಿಯ ಕಿಡಿ ಬೇಡವೇ ಬೇಡ. ಮೋಟಾರು ಹಿಡಿದ ಬೋಲ್ಟುಗಳು ಸ್ಟೇನ್‌ಲೆಸ್, ಬ್ಲಾಕ್ ಅಲ್ಯೂಮಿನಿಯಂ. ಎರಡರ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬೋಲ್ಟು ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ತಲೆಗೆ ಸಣ್ಣಗೆ ಹೊಡೆದು, ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದೆ. ಬಂದವು.

ಬಿಚ್ಚುವ ಮೊದಲು ಮೇಲಿನ ಕ್ಯಾಪ್, ಬಾಡಿ, ಕೆಳಗಿನ ಕ್ಯಾಪ್ ಮೂರಕ್ಕೂ ಸೇರಿ ಒಂದು ಗೆರೆ ಕೊರೆದಿಡಿ. ಮ್ಯಾಗ್ನೆಟ್ ಮತ್ತು ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ನಡುವಿನ ಕೋನ ತಪ್ಪಿದರೆ ಮೋಟಾರಿನ ಬಲ ಇಳಿಯುತ್ತದೆ. ಪಿನಿಯನ್ ಮೇಲಿನ ಸ್ಟಾಪರನ್ನು ಕೆಳಗೆ ಒತ್ತಿದರೆ ಶಾಫ್ಟಿನ ತೋಡಿನಲ್ಲಿ ಕೂತ ತಂತಿ ಕ್ಲಿಪ್ ಕಾಣುತ್ತದೆ. ಅದನ್ನು ತೆಗೆದರೆ ಸ್ಟಾಪರ್, ಸ್ಪ್ರಿಂಗ್, ಪಿನಿಯನ್ ಸಾಲಾಗಿ ಕಳಚಿ ಬರುತ್ತವೆ. ಶಾಫ್ಟಿನ ವಾಷರುಗಳು ಯಾವ ತುದಿಯಲ್ಲಿ ಎಷ್ಟಿದ್ದವು ಅಂತ ಫೋನಿನಲ್ಲಿ ಫೋಟೋ ತೆಗೆದಿಡಿ. ಮೋಟಾರಿನ ಬಾಡಿಯ ಮೇಲೆ ಸುತ್ತಿಗೆ ಮುಟ್ಟಿಸಬೇಡಿ. ಒಳಗಿರುವ ಫೆರೈಟ್ ಮ್ಯಾಗ್ನೆಟ್ ಒಂದೇ ಏಟಿಗೆ ಸೀಳುತ್ತದೆ.

ಒಳಗೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಳಗಿನ ಕ್ಯಾಪಿನಲ್ಲಿ ಕಾರ್ಬನ್ ಪುಡಿ ಮತ್ತು ಥಂಡಿ ಸೇರಿ ಕಪ್ಪು ರಾಡಿಯಾಗಿತ್ತು. ಒಂದು ಬ್ರಷ್ ತನ್ನ ಹೋಲ್ಡರಿನಲ್ಲೇ ಕಚ್ಚಿಕೊಂಡಿತ್ತು, ಸ್ಪ್ರಿಂಗಿನ ತುದಿ ತುಕ್ಕು ಹಿಡಿದು ತೆಳ್ಳಗಾಗಿತ್ತು. ಕಮ್ಯುಟೇಟರ್ (ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗಿ, ಬ್ರಷ್ ಓಡುವಲ್ಲಿ ತಗ್ಗು ಬಿದ್ದಿತ್ತು. ಇದೆಲ್ಲ ನಿರೀಕ್ಷಿಸಿದ್ದೇ. ನನ್ನ ಗಮನ ಸೆಳೆದದ್ದು ಆರ್ಮೇಚರಿನ, ಅಂದರೆ ತಂತಿ ಸುತ್ತಿದ ತಿರುಗುವ ಭಾಗದ, ಕಬ್ಬಿಣದ ಮೇಲಿದ್ದ ಒಂದು ಹೊಳೆಯುವ ಪಟ್ಟಿ. ಕೆಳ ತುದಿಯ ಹತ್ತಿರ, ಸುತ್ತಲೂ ಒಂದೇ ಸಮ. ಮ್ಯಾಗ್ನೆಟ್‌ಗಳನ್ನು ನೋಡಿದರೆ ಒಂದರ ಮೇಲೆ ಮಾತ್ರ ಉಜ್ಜಿದ ಗುರುತು.

ಈ ಎರಡು ಗುರುತು ಓದಲು ಬಂದರೆ ಅರ್ಧ ಕೆಲಸ ಆದಂತೆ. ಆರ್ಮೇಚರ್ ಸುತ್ತಲೂ ಉಜ್ಜಿದೆ, ಮ್ಯಾಗ್ನೆಟ್ ಒಂದೇ ಕಡೆ ಉಜ್ಜಿದೆ ಅಂದರೆ, ತಿರುಗುವ ಶಾಫ್ಟ್ ನೆಟ್ಟಗಿದೆ, ಅದು ಕೂರುವ ಬುಶ್ ಎಂಬ ಬಳೆ ಒಂದು ಕಡೆಗೆ ಸವೆದಿದೆ. ಉಲ್ಟಾ ಇದ್ದಿದ್ದರೆ, ಅಂದರೆ ಆರ್ಮೇಚರಿನ ಒಂದು ಮಗ್ಗುಲು ಮಾತ್ರ ಉಜ್ಜಿ ಮ್ಯಾಗ್ನೆಟ್‌ಗಳೆಲ್ಲ ಉಜ್ಜಿದ್ದರೆ, ಶಾಫ್ಟೇ ಬಾಗಿದೆ ಅಂತ. ಆಗ ರಿಪೇರಿಯ ಆಸೆ ಬಿಡಬೇಕಿತ್ತು. ನಮ್ಮದು ಬುಶ್. ಕೆಲವು ನೂರು ರೂಪಾಯಿಯೂ ಆಗದ ಸಾಮಾನು. ಅದು ಸವೆದು ಆರ್ಮೇಚರ್ ಮ್ಯಾಗ್ನೆಟ್ಟಿಗೆ ತಾಗಿ ಉಜ್ಜುತ್ತಾ, ಬ್ಯಾಟರಿ ಕೊಟ್ಟ ಶಕ್ತಿಯನ್ನು ಅಲ್ಲೇ ತಿನ್ನುತ್ತಿತ್ತು.

ಮುಂದಿನದು ತೊಳೆಯುವ ಕೆಲಸ. ಪೆಟ್ರೋಲ್, ಥಿನ್ನರ್‌ನಲ್ಲಿ ತೊಳೆದರೆ ಗ್ರೀಸ್ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಉಪ್ಪು ಕರಗುವುದು ನೀರಿನಲ್ಲಿ ಮಾತ್ರ. ಥಿನ್ನರ್ ಮೇಲಾಗಿ ವೈಂಡಿಂಗ್ ವಾರ್ನಿಶನ್ನೂ ಮೆತ್ತಗೆ ಮಾಡುತ್ತದೆ. ಮೊದಲು ಕೂದಲಿನ ಬ್ರಷ್ಷಿನಿಂದ ಒಣ ಪುಡಿ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಆರ್ಮೇಚರ್ ತೊಳೆದೆ. ಮೋಟಾರಿಗೆ ನೀರು ಹಾಕುವುದು ಅಂದರೆ ಹಲವರಿಗೆ ಎದೆ ಝಲ್ ಅನ್ನುತ್ತದೆ. ಪೂರ್ತಿ ಒಣಗಿಸುವುದಾದರೆ ಏನೂ ತೊಂದರೆಯಿಲ್ಲ. ಹಾಗೇ ಬಿಟ್ಟ ಉಪ್ಪು ಮಾತ್ರ ಮುಂದಿನ ಥಂಡಿಗೆ ಮತ್ತೆ ಹಸಿಯಾಗುತ್ತದೆ.

ಕುಮಟಾದ ಜುಲೈಯಲ್ಲಿ ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಮರದ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೇ ಬಲ್ಬ್ ಉರಿಸಿ ಅದರಲ್ಲಿಟ್ಟೆ. ತೊಳೆಯುವ ಮೊದಲು ಕಮ್ಯುಟೇಟರಿನಿಂದ ಶಾಫ್ಟಿಗೆ ಮೀಟರ್ ಇಟ್ಟಾಗ ಕೆಲವು ಸಾವಿರ ಓಮ್ ತೋರಿಸುತ್ತಿತ್ತು. ಅಂದರೆ ಕರೆಂಟ್ ಸೋರುತ್ತಿದೆ. ಒಣಗಿದ ಮೇಲೆ ಮೀಟರ್ ಏನೂ ತೋರಿಸಲಿಲ್ಲ. ಸೋರುತ್ತಿದ್ದದ್ದು ಉಪ್ಪಿನ ಪಸೆಯಲ್ಲೇ. ವೈಂಡಿಂಗ್ ಸುಟ್ಟಿಲ್ಲ ಅಂತ ಗೊತ್ತಾದದ್ದು ಆಗ. ರಿವೈಂಡಿಂಗ್ ಅಂಗಡಿಯವರ ಹತ್ತಿರ ಆರ್ಮೇಚರ್ ಪರೀಕ್ಷಿಸುವ ಗ್ರೌಲರ್ ಇತ್ತು. ಅದರ ಮೇಲೆ ಆರ್ಮೇಚರ್ ಇಟ್ಟು, ಮೇಲೊಂದು ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನ ತಿರುಗಿಸಬೇಕು. ಒಳಗೆ ಸುರುಳಿ ಶಾರ್ಟ್ ಆಗಿದ್ದರೆ ಅದು ಕೂತ ತೋಡಿನ ಮೇಲೆ ಬಂದಾಗ ಬ್ಲೇಡ್ ಗಿರ್ರ್ ಅಂತ ನಡುಗುತ್ತದೆ. ಒಂದು ಸುತ್ತು ಪೂರ್ತಿ ತಿರುಗಿಸಿದರೂ ಬ್ಲೇಡ್ ಸುಮ್ಮನಿತ್ತು. ಅವರೇ ವಾರ್ನಿಶ್ ಹೊಡೆದು ಕೊಟ್ಟರು.

ಅಲ್ಲಿಂದ ಲೇತ್. ಟರ್ನರ್ ಮಾವ ಮೊದಲು ಡಯಲ್ ಗೇಜ್ ಇಟ್ಟು ಶಾಫ್ಟ್ ಓಲಾಡುತ್ತದಾ ಅಂತ ನೋಡಿದರು, ಆಮೇಲೆ ಕಮ್ಯುಟೇಟರನ್ನು ತಗ್ಗು ಹೋಗುವಷ್ಟೇ ಸವರಿದರು. ಎಷ್ಟು ತೆಗೆಯಬಹುದು ಅನ್ನುವುದಕ್ಕೆ ಆ ಎಂಜಿನ್ನಿನ ಸರ್ವಿಸ್ ಮ್ಯಾನುವಲ್ಲಿನಲ್ಲಿ ಕಮ್ಮಿ ಎಂದರೆ ಎಷ್ಟು ವ್ಯಾಸ ಇರಬೇಕು ಅಂತ ಬರೆದಿರುತ್ತಾರೆ. ಅದರ ಕೆಳಗೆ ಹೋಗಬಾರದು. ಸವರಿದ ಮೇಲೆ ತಾಮ್ರದ ಪಟ್ಟಿಗಳೂ ನಡುವಿನ ಮೈಕಾವೂ ಒಂದೇ ಮಟ್ಟಕ್ಕೆ ಬರುತ್ತವೆ. ಮೈಕಾ ತಾಮ್ರಕ್ಕಿಂತ ಗಟ್ಟಿ. ಹಾಗೇ ಬಿಟ್ಟರೆ ತಾಮ್ರ ಸವೆದಂತೆ ಮೈಕಾ ಎದ್ದು ನಿಂತು ಬ್ರಷ್ಷನ್ನು ಎಗರಿಸುತ್ತದೆ, ಕಿಡಿ ಹಾರುತ್ತದೆ. ಹ್ಯಾಕ್ಸಾ ಬ್ಲೇಡಿನ ಮಗ್ಗುಲು ಉಜ್ಜಿ ತೆಳ್ಳಗೆ ಮಾಡಿಕೊಂಡು, ಒಂದೊಂದೇ ಸಂದಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ಆಳ ಕೆರೆದೆ. ಇದು ತಾಳ್ಮೆಯ ಕೆಲಸ. ಬ್ಲೇಡ್ ಜಾರಿದರೆ ತಾಮ್ರಕ್ಕೆ ಗೀರು. ಕೊನೆಗೆ 600 ನಂಬರಿನ ಸ್ಯಾಂಡ್ ಪೇಪರ್. ಎಮರಿ ಪೇಪರ್ ಬೇಡ. ಅದರ ಹರಳು ತಾಮ್ರದಲ್ಲಿ ಕಚ್ಚಿಕೊಂಡು ಬ್ರಷ್ ತಿನ್ನುತ್ತದೆ.

ಬುಶ್ ತೆಗೆಯುವುದೇ ನಿಜವಾದ ಸವಾಲು. ಕೆಳಗಿನ ಕ್ಯಾಪಿನ ಬುಶ್ ಕುರುಡು ತೂತಿನಲ್ಲಿದೆ, ಆ ಕಡೆಯಿಂದ ತಳ್ಳಲು ದಾರಿಯಿಲ್ಲ. ಅದಕ್ಕೊಂದು ಹಳೇ ಉಪಾಯ. ನೆನೆಸಿದ ಪೇಪರಿನ ಚೂರುಗಳನ್ನು ಬುಶ್ಶಿನ ತೂತಿಗೆ ತುಂಬಿ, ತೂತಿಗೆ ಸರಿಯಾಗಿ ಕೂರುವ ಸಲಾಕೆ ಇಟ್ಟು ಹೊಡೆಯುವುದು. ಪೇಪರ್ ಬುಶ್ಶಿನ ಅಡಿಗೆ ಸೇರಿಕೊಂಡು ಅದನ್ನೇ ಮೇಲಕ್ಕೆ ಎತ್ತುತ್ತದೆ. ತುಂಬು, ಹೊಡೆ, ಮತ್ತೆ ತುಂಬು. ನೋಡನೋಡುತ್ತಾ ಬುಶ್ ಕೂದಲೆಳೆಯಷ್ಟು ಎದ್ದಿತು, ಆಮೇಲೆ ಪೂರ್ತಿ ಹೊರಗೆ. ಕೈಯಲ್ಲಿ ಹಿಡಿದು ನೋಡಿದರೆ ಅದರ ತೂತು ದುಂಡಗಿರಲಿಲ್ಲ, ಮೊಟ್ಟೆಯಾಕಾರ.

ಹೊಸ ಬುಶ್ ಪುಡಿ ಒತ್ತಿ ಮಾಡಿದ ಕಂಚು. ಮೈಯೆಲ್ಲ ಸಣ್ಣ ರಂಧ್ರ, ಅದರಲ್ಲಿ ಎಣ್ಣೆ ಇರಬೇಕು. ಹೆಬ್ಬೆರಳಿನ ಮೇಲೆ ಬುಶ್ ನಿಲ್ಲಿಸಿ, ಒಳಗೆ ತೆಳು ಎಣ್ಣೆ ತುಂಬಿ, ಮೇಲಿಂದ ಇನ್ನೊಂದು ಹೆಬ್ಬೆರಳು ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಬುಶ್ಶಿನ ಹೊರಮೈ ಬೆವರುತ್ತದೆ. ಎಣ್ಣೆ ಗೋಡೆ ದಾಟಿ ಹೊರಗೆ ಬಂತು ಅಂತ ಲೆಕ್ಕ. ಒಳಗೆ ರೀಮರ್ ಹಾಕಿ ಉಜ್ಜಬೇಡಿ, ರಂಧ್ರಗಳು ಮುಚ್ಚಿಹೋಗುತ್ತವೆ. ಶಾಫ್ಟಿನ ಅಳತೆಯ ನುಣುಪು ಸಲಾಕೆಗೆ ಏರಿಸಿ ಕೂರಿಸಿದರೆ ತೂತು ಕುಗ್ಗುವುದಿಲ್ಲ. ಮೇಲಿನ ಬುಶ್ಶನ್ನೂ ಬದಲಿಸಿದೆ.

ಬ್ರಷ್ಷಿನ ಬಗ್ಗೆ ಒಂದು ಮಾತು. ಗ್ರೈಂಡರ್, ಡ್ರಿಲ್ ಮೆಷಿನ್ನಿನ ಕಾರ್ಬನ್ ಉಜ್ಜಿ ಅಳತೆಗೆ ತಂದು ಹಾಕುವವರಿದ್ದಾರೆ. ಅದು 230 ವೋಲ್ಟಿನ, ಕಡಿಮೆ ಕರೆಂಟಿನ ಮೋಟಾರಿಗೆ ಮಾಡಿದ್ದು, ಬರೀ ಕಪ್ಪು. 12 ವೋಲ್ಟಿನ ಸೆಲ್ಫ್ ಬ್ರಷ್ಷಿನಲ್ಲಿ ತಾಮ್ರದ ಪುಡಿ ಬೆರೆತಿರುತ್ತದೆ, ಉಜ್ಜಿದರೆ ಕೆಂಪು ಹೊಳಪು ಕಾಣುತ್ತದೆ. ಗ್ರೈಂಡರ್ ಬ್ರಷ್ ಹಾಕಿದರೆ, ವೈರಿನಲ್ಲಿ ಉಳಿಸಿದ ವೋಲ್ಟೇಜನ್ನು ಬ್ರಷ್ಷಿನಲ್ಲಿ ಕಳೆದುಕೊಂಡಂತೆ. ಹೋಲ್ಡರ್, ಸ್ಪ್ರಿಂಗ್ ಸಮೇತ ಅದೇ ಎಂಜಿನ್ನಿನ ಸೆಟ್ ಮಂಗಳೂರಿನಿಂದ ಬಸ್ಸಿಗೆ ಹಾಕಿಸಿ ತರಿಸಿದೆ. ಕಮ್ಯುಟೇಟರಿಗೆ ಸ್ಯಾಂಡ್ ಪೇಪರ್ ಸುತ್ತಿ, ಅದರ ಮೇಲೆ ಬ್ರಷ್ ಮುಖವನ್ನು ಅದೇ ಬಾಗಿಗೆ ಉಜ್ಜಿ ಕೂರಿಸಿದೆ.

ಇನ್ನು ಆ ಜುಂಯ್ ಸದ್ದು. ಪಿನಿಯನ್ ಏರುವುದು ಶಾಫ್ಟಿನ ಸುರುಳಿ ತೋಡಿನ ಮೇಲೆ. ನಟ್ಟನ್ನು ಸಡಿಲ ಬಿಟ್ಟು ಬೋಲ್ಟನ್ನು ಗಕ್ಕನೆ ತಿರುಗಿಸಿದರೆ ನಟ್ಟು ಮೇಲೇರುವ ಹಾಗೆ, ಶಾಫ್ಟ್ ಒಮ್ಮೆಗೇ ತಿರುಗಿದಾಗ ಪಿನಿಯನ್ ಹಿಂದೆ ಬಿದ್ದು ಮೇಲೆ ಹಾರಿ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಹಿಡಿದ ಕೂಡಲೇ ಫ್ಲೈವೀಲೇ ಅದನ್ನು ಜೋರಾಗಿ ತಿರುಗಿಸಿ ಕೆಳಗೆ ಎಸೆಯುತ್ತದೆ. ಈ ಮೋಟಾರಿನ ತೋಡಿನಲ್ಲಿ ಯಾರೋ ದಪ್ಪ ಗ್ರೀಸ್ ಮೆತ್ತಿದ್ದರು. ಅದು ಉಪ್ಪು, ತುಕ್ಕಿನ ಪುಡಿ ಹೀರಿ ಮೇಣವಾಗಿತ್ತು. ಪಿನಿಯನ್ ಶಾಫ್ಟಿಗೇ ಅಂಟಿಕೊಂಡು ಜೊತೆಗೇ ತಿರುಗುತ್ತಿದ್ದರೆ ಮೇಲೇರುವುದು ಹೇಗೆ? ಪೂರ್ತಿ ತೊಳೆದು ತೆಳು ಎಣ್ಣೆಯ ಒಂದು ಹನಿ ಸವರಿದೆ. ಕೈಯಲ್ಲಿ ತಿರುಗಿಸಿದರೆ ಸರ್ರನೆ ಏರಿ, ಬಿಟ್ಟರೆ ಸ್ಪ್ರಿಂಗ್ ಬಲಕ್ಕೆ ಇಳಿಯಬೇಕು. ದೋಣಿಯವರಿಗೆ ಗ್ರೀಸ್ ಅಂದರೆ ಪ್ರೀತಿ ಜಾಸ್ತಿ, ಎಲ್ಲಿ ಬೇಕಾದರೂ ಹಾಕಿ, ಇಲ್ಲಿ ಮಾತ್ರ ಬೇಡ.

ಬಾಡಿಯ ತುಕ್ಕು ಕೆರೆದು ಜಿಂಕ್ ಪ್ರೈಮರ್, ಮೇಲೆ ಎಪಾಕ್ಸಿ ಪೇಂಟ್. ಓ-ರಿಂಗ್ ಹೊಸದು, ಕ್ಯಾಪ್ ಸೇರುವಲ್ಲಿ ತೆಳ್ಳಗೆ ಸೀಲೆಂಟ್. ಕೆಳಗೆ ನೀರು ಬಸಿಯುವ ಸಣ್ಣ ತೂತಿದ್ದರೆ ಅದನ್ನು ಮುಚ್ಚಬಾರದು. ಮೋಟಾರು ಬ್ಲಾಕಿಗೆ ಕೂರುವ ಮುಖಕ್ಕೂ ಪೇಂಟ್ ತಾಗಿಸಬೇಡಿ, ಮೋಟಾರಿನ ಅರ್ಥ್ ಹೋಗುವುದೇ ಆ ಮುಖದಿಂದ. ಚೆಂದ ಕಾಣಲಿ ಅಂತ ಅದಕ್ಕೂ ಬಳಿದರೆ, ಹೊಸ ಮೋಟಾರೂ ನರಳುತ್ತದೆ.

ಎಂಜಿನ್ನಿಗೆ ಹಾಕುವ ಮೊದಲು ಬೆಂಚ್ ಮೇಲೆ ಕಟ್ಟಿ ಹಿಡಿದು ಬ್ಯಾಟರಿ ಕೊಟ್ಟೆ. ಸುಮ್ನೆ ಕೈಯಲ್ಲಿ ಹಿಡಿಯುವ ಸಾಹಸ ಬೇಡ, ಒದ್ದು ತಿರುಚುತ್ತದೆ. ಡಿಸಿ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಲೋಡ್ ಇಲ್ಲದೆ 18 ಆಂಪಿಯರ್. ಬರೀ ಎಸಿಯ ಕ್ಲಾಂಪ್ ಇಲ್ಲಿ ಸೊನ್ನೆ ತೋರಿಸುತ್ತದೆ, ತರುವಾಗ ನೋಡಿ ತನ್ನಿ. ಪಿನಿಯನ್ ಟಪ್ ಅಂತ ಮೇಲೆ ಹಾರಿತು.

ಮೋಟಾರು ಕೂರಿಸಿ, ಬೋಲ್ಟುಗಳಿಗೆ ಮರೀನ್ ಗ್ರೀಸ್ ಸವರಿ ಬಿಗಿದೆ. ಎಂಜಿನ್ನಿನ ಕಾಲು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದ ಮೇಲೆಯೇ ಕೀ. ನೀರಿಲ್ಲದೆ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಕಿಲ್ ಕ್ಲಿಪ್ ತೆಗೆದಿಟ್ಟು ಮೊದಲು ಅಳೆದೆವು. ಬ್ಯಾಟರಿಯಲ್ಲಿ 10.9, ಮೋಟಾರಿನಲ್ಲಿ 10.5. ದಾರಿಯಲ್ಲಿ ಹೋಗುವುದು ಈಗ 0.4 ಮಾತ್ರ. ಬ್ಯಾಟರಿ ಮೊದಲಿನಷ್ಟು ಕುಸಿಯುತ್ತಿಲ್ಲ ಅನ್ನುವುದೇ ಉಜ್ಜಾಟ ನಿಂತ ಗುರುತು. ಕ್ಲಿಪ್ ಹಾಕಿ ಕೀ ತಿರುಗಿಸಿದಾಗ ಎಂಜಿನ್ ಕೂಡಲೇ ಹಿಡಿಯಿತು. ಅಣ್ಣ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಬಂದ್, ಮತ್ತೆ ಸ್ಟಾರ್ಟ್. "ಸಾಕು ಅಣ್ಣಾ, ಬಿಸಿಯಾಗ್ತದೆ" ಅನ್ನಬೇಕಾಯಿತು. ಸೆಲ್ಫ್ ಮೋಟಾರಿಗೆ ತಣಿಸುವ ವ್ಯವಸ್ಥೆ ಇಲ್ಲ. ಒಮ್ಮೆಗೆ 10 ಸೆಕೆಂಡ್ ದಾಟಬಾರದು, ಹಿಡಿಯದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಬೇಕು.

ರಿಲೇ ಹಳೆಯದೇ ಇದೆ. ಅದರ ಎರಡು ಬೋಲ್ಟಿನ ನಡುವೆ ಲೋಡಿನಲ್ಲಿ 0.1 ವೋಲ್ಟ್ ಮಾತ್ರ ಬಂದದ್ದರಿಂದ ಮುಟ್ಟಲಿಲ್ಲ. ಒಂದು ಮ್ಯಾಗ್ನೆಟ್ಟಿನ ಅಂಚಿನ ಕೆಳಗೆ ತುಕ್ಕು ಹೊಕ್ಕಿರುವುದು ಕಾಣುತ್ತಿತ್ತು. ಅಂಟು ಗಟ್ಟಿಯೇ ಇದೆ, ಕೆರೆದು ಸಂದಿಗೆ ಎಪಾಕ್ಸಿ ತುಂಬಿದ್ದೇನೆ. ಮುಂದಿನ ಜೂನಿನಲ್ಲಿ ದೋಣಿ ದಡಕ್ಕೆ ಬಂದ ಕೂಡಲೇ ಎಂಜಿನ್ನಿಗೆ ಸಿಹಿನೀರು ಓಡಿಸಿ, ಈ ಮೋಟಾರನ್ನು ಕಳಚಿ ಒಣ ಜಾಗದಲ್ಲಿ ಇಡುವುದು ಅಂತ ಅಣ್ಣನ ಹತ್ತಿರ ಮಾತಾಗಿದೆ. ಆಗಲೇ ಆ ಅಂಚನ್ನೂ ಬ್ರಷ್ಷಿನ ಉದ್ದವನ್ನೂ ಇನ್ನೊಮ್ಮೆ ನೋಡುತ್ತೇನೆ.